ನೀರಗಂಟಿ ಕಂಡ ಸಮುದ್ರ

ಮಾಸೂರಿನ ನೀರಗಂಟಿ ಕರಬಸಪ್ಪನಷ್ಟು ನೀರು ಬಲ್ಲವನು ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಈ ನಾಲ್ಕು ತಾಲೂಕುಗಳಲ್ಲಿ ಮತ್ತೊಬ್ಬನಿರಲಿಲ್ಲ. ಐದನೆಯ ತಾಲೂಕಿನಲ್ಲಿ ಇದ್ದರೆ ಅವನಿನ್ನೂ ಹುಟ್ಟಿರಲಿಕ್ಕಿಲ್ಲ. ಮದಗದ ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಅವನ ಮನೆತನಕ್ಕೆ ಇನ್ನೂರು ವರ್ಷಗಳಿಂದ ಬಂದ ಕೆಲಸ. ಹಾನಗಲ್ಲಿನ ಚಹಾದ ಅಂಗಡಿಯಲ್ಲಿ ಹೇಳುವಾಗ ಅದು ಐನೂರು ವರ್ಷವಾಗುತ್ತಿತ್ತು. ಏರಿಯ ಮೇಲೆ ಅಂಗಾತ ಮಲಗಿದರೆ ನೀರಿನ ಭಾರ ಅವನ ಬೆನ್ನಿಗೆ ತಿಳಿಯುತ್ತಿತ್ತು, ಆಳ ಮೂಗಿಗೆ ತಿಳಿಯುತ್ತಿತ್ತು, ಕಪ್ಪೆಗಳು ಕೂಗುವ ಮುಂಚೆ ಅವನ ಮುಖ ನೋಡುತ್ತಿದ್ದವು. ಇಂಥ ಕರಬಸಪ್ಪ ಅರವತ್ತಮೂರನೆಯ ಇಸವಿಯ ಮಾಘಮಾಸದ ಒಂದು ಬೆಳಿಗ್ಗೆ, ಕೋಟೆಬಂದರವೆಂಬ ಊರಿನ ಸಮುದ್ರದ ಬಾಗಿಲಿನಲ್ಲಿ, ಆನೆ ಅಡ್ಡ ಮಲಗಿದರೂ ಬಾಲ ಹೊರಗೆ ಬಾರದಷ್ಟು ದಪ್ಪದ ಕೋಟೆಗೋಡೆಯ ನೆರಳಿನಲ್ಲಿ ನಿಂತು, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಸಮುದ್ರವನ್ನು ನೋಡಿದ. ಇದಕ್ಕೆ ಏರಿ ಇರಲಿಲ್ಲ. ತೂಬು ಇರಲಿಲ್ಲ. ಆಚೆ ದಂಡೆಯೇ ಇರಲಿಲ್ಲ. ಇಷ್ಟನ್ನು ಹಿಡಿದು ನಿಲ್ಲಿಸಿದವರು ಯಾರು ಎಂದು ಅವನ ಕಣ್ಣು ಅತ್ತಿತ್ತ ಓಡಾಡಿ, ಯಾರೂ ಸಿಗದೆ, ತನ್ನ ಕೈಯಲ್ಲಿದ್ದ ಕೋಲಿನ ಮೇಲೆ ಬಂದು ಕೂತಿತು.

ಅದು ಕಸುಬಿನ ಕೋಲು. ಒಂದೊಂದು ಬೆರಳಿಗೆ ಒಂದೊಂದು ಗೀರು ಸುಟ್ಟು ಹಾಕಿದ ಬಿದಿರು. ಕೆರೆಯ ಅಂಚಿನಲ್ಲಿ ನೆಟ್ಟು ಬಂದರೆ ನೀರು ಏರಿದೆಯೋ ಇಳಿದಿದೆಯೋ ಮರುದಿನ ಗೀರು ಹೇಳುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರು ಅದನ್ನು ಟಪ್ಪಿನ ಮೇಲೆ ಹಾಕು ಎಂದಾಗ, ಇದು ಸರಕಾರದ ಕೋಲು ಎಂದು ಸುಳ್ಳು ಹೇಳಿ ಮೊಣಕಾಲುಗಳ ನಡುವೆ ಹಿಡಿದುಕೊಂಡು ಬಂದಿದ್ದ.

“ಎಷ್ಟ್ ದೊಡ್ಡದೈತ್ರಿ ಇದು,” ಎಂದಳು ಅವನ ಹೆಂಡತಿ ತಿಪ್ಪವ್ವ, ಸೆರಗನ್ನು ಗಾಳಿಗೆ ಹಾರದಂತೆ ಹಲ್ಲಿನಲ್ಲಿ ಕಚ್ಚಿಕೊಂಡು.

“ನಮ್ಮ ಕೆರಿ ತುಂಬಿದಾಗ ಇಷ್ಟ ಇರತೈತಿ. ಇದರ ಬಣ್ಣ ಒಂದೀಟು ಬ್ಯಾರೆ.”

ಅವನ ತಾಯಿ ಮುದಕವ್ವ ಎಷ್ಟು ದೊಡ್ಡದೆಂದು ನೋಡುತ್ತಿರಲಿಲ್ಲ. ಬುತ್ತಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು, ಜಾತ್ರೆಯ ಗದ್ದಲದಲ್ಲಿ ಒಬ್ಬರ ಮುಖ ಹುಡುಕುವವಳಂತೆ ನೀರಿನ ಮೇಲೆ ಕಣ್ಣಾಡಿಸುತ್ತಿದ್ದಳು. “ನಮ್ಮ ಹೊಳಿ ನೀರು ಇದರಾಗ ಯಾವ ಕಡಿಂದ ಬಂದು ಕೂಡತೈತೋ ಕರಬಸು?” ಎಂದು ಕೇಳಿದಳು. ಕರಬಸಪ್ಪ ಕೋಲನ್ನು ಎತ್ತಿ ಎಡಗಡೆಗೆ ಎಲ್ಲಿಗೋ ತೋರಿಸಿದ. “ಅಲ್ಲಿ. ಆ ಕರೇ ಬಂಡಿ ಐತಲ್ಲ, ಅದರ ಬಾಜೂಕ.” ಹೇಳಿದ ಮೇಲೆ ಬಂಡೆಯನ್ನು ಮೊದಲ ಸಲ ನೋಡಿದ. ಗೋಡೆಯಿಂದ ನೂರು ಹೆಜ್ಜೆ ಆಚೆ, ಮಲಗಿದ ಎಮ್ಮೆಯ ಬೆನ್ನಿನಂತಿದ್ದ ಬಂಡೆ. ಅಲ್ಲಿಯ ತನಕ ತೇವದ ಮರಳು ಹೊಳೆಯುತ್ತಿತ್ತು, ನಡೆದುಹೋಗಬಹುದಿತ್ತು. ಕೋಲು ತೋರಿಸಿದ ಕಡೆ ಒಂದು ಬಂಡೆಯಾದರೂ ಇತ್ತಲ್ಲ ಎಂದು ಸಮಾಧಾನವಾಯಿತು. ಅವನ ಸುಳ್ಳುಗಳಿಗೆ ಯಾವಾಗಲೂ ಹೀಗೆ ಒಂದು ಕುರ್ಚಿ ಸಿಕ್ಕಿಬಿಡುತ್ತಿತ್ತು.

ಮಾಸೂರಿನ ಹೊಳೆ ಈ ಸಮುದ್ರಕ್ಕೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನಾಲ್ಕು ತಾಲೂಕಿಗೆ ಒಬ್ಬನೇ ಆದ ನೀರಗಂಟಿಗೆ ಅದು ಗೊತ್ತಿರದೆ ಹೇಗೆ? ಕೆರೆ ತುಂಬಿ ಕೋಡಿಯ ಮೇಲೆ ಬಿದ್ದ ನೀರು ಮೂಡಲಕ್ಕೆ ಹೋಗಿ ತುಂಗಭದ್ರೆಗೆ ಕೂಡುತ್ತದೆ, ಅದು ಇನ್ನೂ ಮೂಡಲಕ್ಕೆ ಹೋಗಿ, ಕರಬಸಪ್ಪ ಸತ್ತು ಏಳು ಸಲ ಹುಟ್ಟಿದರೂ ನೋಡಲಾರದ ಇನ್ನೊಂದು ಸಮುದ್ರಕ್ಕೆ ಬೀಳುತ್ತದೆ. ಆದರೆ ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ, ತಮ್ಮ ಯಲ್ಲಪ್ಪನನ್ನು ಕೋಡಿಯ ನೀರು ಹೊತ್ತುಕೊಂಡುಹೋಗಿ ಒಂಬತ್ತು ದಿನ ಹುಡುಕಿದರೂ ಅಂಗಿಯ ಒಂದು ಗುಂಡಿಯೂ ಸಿಗದಿದ್ದಾಗ, ತಾಯಿ ಹೊಳೆಯ ದಂಡೆಯ ಕೆಸರಿನಲ್ಲಿ ಕೂತು, ಎಲ್ಲಿಗೆ ಹೋಗಿರಬೇಕೋ ಅವ ಎಂದು ಕೇಳಿದ್ದಳು. ಸಮುದ್ರಕ್ಕ ಹೋಗ್ಯಾನವ್ವ, ಸಮುದ್ರ ತಿರುಗಿ ಕಳಸೂದಿಲ್ಲ ಎಂದಿದ್ದ. ಸಮುದ್ರ ಯಾವ ಕಡಿಗೈತಿ ಎಂದಾಗ ಅವನ ಕೈ ತಾನಾಗಿಯೇ ಎದ್ದು ಪಡುವಣಕ್ಕೆ ಚಾಚಿತ್ತು. ಹೊಳೆ ಅವನ ಬೆನ್ನ ಹಿಂದೆ ಇತ್ತು. ತಿರುಗಿ ಹೊಳೆಯನ್ನು ನೋಡಿ ಬೆರಳು ಮಾಡಿ ತೋರಿಸುವುದು ಆ ಹೊತ್ತಿನಲ್ಲಿ ಅವನಿಂದ ಆಗಲಿಲ್ಲ, ಅಷ್ಟೇ. ನಮ್ಮ ಹೊಳಿ ಮೂಡಲಕ್ಕ ಹೊಂಟೈತಲ್ಲೋ ಎಂದಳು ಮುದಕವ್ವ. ರಟ್ಟೀಹಳ್ಳಿ ದಾಟಿದ ಮ್ಯಾಲೆ ತಿರುಗತೈತವ್ವ, ಇಡೀ ಒಂದು ಗುಡ್ಡ ಸುತ್ತು ಹಾಕಿ ಪಡುವಣಕ್ಕ ಹೋಗತೈತಿ ಎಂದು ಅವನು ಒಂದು ಗುಡ್ಡವನ್ನೇ ಹುಟ್ಟಿಸಿಬಿಟ್ಟ. ಹಿರೇಕೆರೂರು, ಚಿಕ್ಕೇರೂರು ಬಿಟ್ಟು ಎಲ್ಲಿಗೂ ಹೋಗದ ಮುದುಕಿ ಆ ಗುಡ್ಡವನ್ನು ನಂಬಿದಳು. ಅಂದಿನಿಂದ ದಿನವೂ ಸೂರ್ಯ ಮುಳುಗುವ ಹೊತ್ತಿಗೆ ಕಟ್ಟೆಗೆ ಬಂದು ಆ ಕಡೆ ಮುಖ ಮಾಡಿ ಕೂತಳು. ಕೊನೆಗೆ ಒಂದು ದಿನ, ನನ್ನ ಅಲ್ಲಿಗೆ ಕರಕೊಂಡು ಹೋಗು, ಅವಗ ಉಣ್ಣಾಕ ಕೊಟ್ಟು ಬರ್ತೇನಿ ಎಂದಳು.

ಅಷ್ಟು ಹೊತ್ತಿಗೆ ಕರಬಸಪ್ಪ ತಮ್ಮನ ಕಥೆಯನ್ನು ಸಾಕಷ್ಟು ಬೆಳೆಸಿಯಾಗಿತ್ತು. ಹಗ್ಗ ಹರಿಯಿತು, ತಾನು ಹಿಂದೆಯೇ ಹಾರಿದೆ ಎನ್ನುತ್ತಿದ್ದ. ಮಾಸೂರಿನಲ್ಲಿ ಅವನು ಮೂರು ಸಲ ಮುಳುಗಿ ಹುಡುಕಿದ್ದ, ಹಿರೇಕೆರೂರಿನಲ್ಲಿ ಏಳು ಸಲ, ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರದ ಪೀರಸಾಬನ ಅಂಗಡಿಯ ಮುಂದೆ ಇಪ್ಪತ್ತೊಂದು ಸಲ, ಕೊನೆಯ ಸಲ ಮೂಗಿನಿಂದ ರಕ್ತ ಬಂದಿತ್ತು. ಕೇಳಿದವರು ಅವನ ತೋಳು ಮುಟ್ಟಿ ನೋಡಿದರು. ಪೀರಸಾಬ ಅತ್ತೇಬಿಟ್ಟ. ವಾರಕ್ಕೊಮ್ಮೆ ಎಲೆಯ ಪೆಂಡಿ ಹೊತ್ತುಕೊಂಡು ಘಟ್ಟ ಇಳಿಯುತ್ತಿದ್ದ ಪೀರಸಾಬನೇ, ನಮ್ಮ ತಂಗಿ ಹಾಜರಾಬಿನ್ನ ಕೋಟೆಬಂದರಕ್ಕ ಕೊಟ್ಟೇವಿ, ನಿಮ್ಮ ಅವ್ವಾರನ್ನ ಕರಕೊಂಡು ಬರ್ರಿ ಕರಬಸಪ್ಪಣ್ಣ, ನೀವು ಹಾರಿದ ನೀರು ಎಲ್ಲಿ ಹೋಗೈತಿ ನೋಡಿ ಬರೂಣು ಎಂದಿದ್ದ. ನೀರು ಎಲ್ಲಿಗೆ ಹೋಗುತ್ತದೆಂದು ಪೀರಸಾಬನಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದೂ ಮುದುಕಿಯ ಮುಖ ನೋಡಿ ಸುಮ್ಮನಿದ್ದನೋ. ಪೀರಸಾಬನೂ ಜೊತೆಗೆ ಬಂದ ಬಸ್ಸಿನಲ್ಲಿ ಕರಬಸಪ್ಪ ಆ ಸಂಶಯದಿಂದ, ಶಿರಸಿಯಿಂದ ಘಟ್ಟ ಇಳಿಯುವ ತನಕ, ಕಿಟಕಿಗೆ ಮುಖ ಒತ್ತಿ ಕೂತಿದ್ದ. ತಿಪ್ಪವ್ವ ಅದನ್ನು ಬಸ್ಸಿನ ತಿರುವಿನ ಸಂಕಟವೆಂದುಕೊಂಡು ಲಿಂಬೆಹಣ್ಣು ಮೂಸಲು ಕೊಟ್ಟಿದ್ದಳು.

ಹಾಜರಾಬಿ ಹಿಂದಿನ ಸಂಜೆ ಹೊರಗಿನ ಕೋಣೆ ಗುಡಿಸಿ, ಹೊಸ ಗಡಿಗೆ, ಒಣಕಟ್ಟಿಗೆ, ಹಿತ್ತಲ ಬಾವಿಯ ಹಗ್ಗ ಎಲ್ಲವನ್ನೂ ಮುಂದಿಟ್ಟು, “ನಿಮ್ಮ ಅಡಗಿ ನೀವು ಮಾಡಿಕೊಳ್ರಿ ಅಕ್ಕಾ, ನಾ ಒಳಗ ಬರೂದಿಲ್ಲ,” ಎಂದು ತಿಪ್ಪವ್ವನಿಗೆ ಹೇಳಿದ್ದಳು. ಸವಣೂರಿನ ಮಾತು ಕೇಳಿ ಎಷ್ಟು ದಿನವಾಯಿತೆಂದು ಬಾಗಿಲ ಹೊರಗೆ ಕೂತು ಮುದಕವ್ವನ ಜೊತೆ ಹರಟಿದ್ದಳು. ಬೆಳಿಗ್ಗೆ ಇವರು ಹೊರಟಾಗ ಗೋಡೆಯ ತಿರುವಿನ ತನಕ ಹಿಂದೆ ಬಂದು, “ಬಂಡಿ ಕಡೆ ಹೋದ್ರ ಮಸೂತ್ಯಾಗ ಮಧ್ಯಾಹ್ನದ ಬಾಂಗ್ ಆಗೂದ್ರಾಗ ದಂಡಿಗೆ ಬಂದುಬಿಡ್ರಿ. ಭರತಿ ಬರತೈತಿ. ಹೋದ ನೀರು ತಿರುಗಿ ಬರತೈತ್ರಿ ಇಲ್ಲಿ,” ಎಂದಿದ್ದಳು. ಕರಬಸಪ್ಪ ನಕ್ಕಿದ್ದ. ಹುಬ್ಬಿನಲ್ಲಿ, ಮೀಸೆಯಲ್ಲಿ, ಕೋಲಿನಲ್ಲಿ ನಕ್ಕಿದ್ದ. “ತಂಗಿ, ನೀರಿಂದು ನನಗ ಹೇಳಬ್ಯಾಡವಾ.” ಹೋದ ನೀರು ತಿರುಗಿ ಬರುತ್ತದಂತೆ. ಮದಗದ ಕೆರೆಯಲ್ಲಿ ನೀರು ಇಳಿಯಲು ಹತ್ತಿತೆಂದರೆ ಮುಂದಿನ ಮಳೆಗಾಲದ ತನಕ ಇಳಿಯುವುದೇ. ಅಷ್ಟು ತಿಳಿಯದ ಹೆಂಗಸು ನೀರಿನ ಬದಿಗೆ ಹದಿನೈದು ವರ್ಷ ಬಾಳುವೆ ಮಾಡಿದ್ದಾಳೆ.

ಈಗ ಅವನು ಮರಳಿಗಿಳಿದು ನೀರಿನ ಅಂಚಿಗೆ ಕೋಲು ನೆಟ್ಟ. ತಾಯಿ, ಹೆಂಡತಿ ಇಬ್ಬರೂ ನೋಡುತ್ತಿದ್ದಾರೆಂಬ ಎಚ್ಚರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಒಂದು ಎಲೆ ಅಗಿದು ಉಗುಳುವಷ್ಟರಲ್ಲಿ ನೀರು ನಾಲ್ಕು ಗೀರು ಇಳಿದು, ಇನ್ನೊಂದು ಎಲೆಗೆ ಕೋಲಿನ ಬುಡವನ್ನೇ ಬಿಟ್ಟು ಹಿಂದೆ ಸರಿಯಿತು. ಅವನ ಎದೆ ಹಿಗ್ಗಿತು. ಎಲ್ಲಿಯೋ, ಕಾಣದಷ್ಟು ದೂರದಲ್ಲಿ, ಯಾರೋ ಒಬ್ಬ ದೊಡ್ಡ ನೀರಗಂಟಿ ತೂಬು ಎತ್ತಿದ್ದ. ಆ ಒಂದು ಗಳಿಗೆ ಸಮುದ್ರಕ್ಕೂ ಒಂದು ಏರಿ ಬಂತು, ಒಂದು ಕೋಡಿ ಬಂತು, ಅದೂ ಮಾಸೂರಿನ ಕೆರೆಯ ಅಣ್ಣನೋ ತಮ್ಮನೋ ಆಯಿತು.

“ಇಳಿಯಾಕತ್ತೈತಿ,” ಎಂದು ಸಾರಿದ. “ಹಿಂಗ ಇಳದ್ರ ಸಂಜೀಗೆ ಅಲ್ಲೀ ತನಕಾ ಗಾಡಿ ಹೊಡೀಬಹುದು. ನಡಿ ಅವ್ವ.”

“ಹಾಜರಾಬಿ ಏನೋ ಅಂದ್ಳಲ್ರಿ,” ಎಂದಳು ತಿಪ್ಪವ್ವ.

“ಆಕಿ ಎಲಿ ಮಾರೋರ ಮನೀ ಮಗಳು.”

ಮೂವರೂ ಮರಳಿನಲ್ಲಿ ನಡೆದರು. ಮುದಕವ್ವನ ಕಾಲು ತೇವದಲ್ಲಿ ಹೂತು ಹೂತು ಏಳುತ್ತಿದ್ದವು. ಅವಳ ಹೆಜ್ಜೆಯ ಗುರುತಿನಲ್ಲಿ ನೀರು ತುಂಬಿಕೊಂಡು ಹಿಂದಿನಿಂದ ನೋಡುವವನಿಗೆ ಸಣ್ಣ ಸಣ್ಣ ಬಟ್ಟಲು ಇಟ್ಟಂತೆ ಕಾಣುತ್ತಿತ್ತು. ಕರಬಸಪ್ಪ ಆ ಬಟ್ಟಲುಗಳನ್ನು ತುಳಿಯದೆ ನಡೆದ. ಬಂಡೆಯ ಮೇಲೆ ಕೂತ ಮುದುಕಿ ಗಂಟು ಬಿಚ್ಚಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಶೇಂಗಾ ಹಿಂಡಿ ಒಂದೊಂದೇ ಹರವಿದಳು. ಎರಡು ದಿನದ ರೊಟ್ಟಿ ಹಪ್ಪಳದಂತೆ ಮುರಿಯಿತು. “ಬದನಿಕಾಯಿ ಆರಿಸಿ ಆರಿಸಿ ತಂದೇನಿ. ಬೀಜ ಇದ್ರ ಅವ ಉಣ್ಣತಿದ್ದಿಲ್ಲ,” ಎಂದು ಯಾರಿಗೋ ಹೇಳಿದಳು. ಆಮೇಲೆ ಮಗ ಸೊಸೆಯ ಕಡೆ ತಿರುಗಿ, “ನೀವು ಹೋಗ್ರಿ. ನಾ ಅವನ ಕೂಡ ಒಂದೀಟು ಮಾತಾಡೂದೈತಿ. ನಿಮ್ಮ ಮುಂದ ಅವ ಬರೂದಿಲ್ಲ,” ಎಂದಳು. ಕರಬಸಪ್ಪನಿಗೆ ಎದೆಯ ಮೇಲಿನ ಚಪ್ಪಡಿ ತೆಗೆದಂತಾಯಿತು. ತಾಯಿ ತಮ್ಮನ ಜೊತೆ ಏನು ಮಾತಾಡುತ್ತಾಳೆಂದು ಕೇಳುವುದು ತಪ್ಪಿತು. ತಿಪ್ಪವ್ವ ಮಾತ್ರ ಎರಡು ಸಲ ತಿರುಗಿ ತಿರುಗಿ ನೋಡಿದಳು. ದಂಡೆಗೆ ಬಂದ ಮೇಲೆ, ಅಡಿಗೆಗಿಡಬೇಕು ಎಂದು ಹಾಜರಾಬಿಯ ಮನೆಗೆ ಹೋದಳು.

ಸಮುದ್ರದ ಬಾಗಿಲಿನ ಒಳಗಡೆ, ಹಿಂದೆ ಕಾವಲಿನವರು ಕೂರುತ್ತಿದ್ದ ಕಮಾನಿನಲ್ಲಿ ಒಂದು ಚಹಾದ ಅಂಗಡಿಯಿತ್ತು. ಹೊರಗೆ ಬಿಸಿಲು, ಒಳಗೆ ಹಳೆಯ ಕಲ್ಲಿನ ತಂಪು. ಮೀನಿನ ವಾಸನೆಗೆ ಮೂಗು ಮುರಿಯದಂತೆ ಮುಖವನ್ನು ಹಿಡಿದುಕೊಂಡು ಕರಬಸಪ್ಪ ಬಾಕಿನ ತುದಿಗೆ ಕೂತ. ದೋಣಿ ಬಿಡುವುದನ್ನು ನಿಲ್ಲಿಸಿ ಬಲೆ ಹೆಣೆಯುತ್ತಿದ್ದ ಶೇಖಸಾಬ ಎಂಬ ಮುದುಕ, ಇನ್ನಿಬ್ಬರು ಬಲೆಯವರು ಅಲ್ಲಿದ್ದರು. ಯಾವೂರು ಎಂದು ಅವರು ಕೇಳಿದ್ದೇ ಸಾಕಾಯಿತು. ಮದಗದ ಕೆರೆಯಿಂದ ಶುರುವಾಯಿತು. ಅದರ ಏರಿಯ ಉದ್ದ ಮೂರು ಹರದಾರಿಯಾಯಿತು, ತೂಬಿನ ಬಾಯಿಗೆ ಆನೆ ನುಗ್ಗಿತು, ಮೊಸಳೆಗಳು ಕರೆದರೆ ಬಂದವು. ಶೇಖಸಾಬ ಬಲೆಯಿಂದ ಕಣ್ಣೆತ್ತದೆ, “ನಮ್ಮಲ್ಲಿ ಅಷ್ಟು ದೊಡ್ಡ ನೀರಿಲ್ಲ,” ಎಂದ. ಇಬ್ಬರೂ ಬಲೆಯವರು ಚಹಾದ ಬಟ್ಟಲಿನೊಳಗೆ ನಕ್ಕರು. ಕರಬಸಪ್ಪನ ಕಿವಿ ಬಿಸಿಯಾಯಿತು. ಸಣ್ಣವನಾದಾಗಲೆಲ್ಲ ಅವನು ಹೋಗಿ ನಿಲ್ಲುವ ಜಾಗ ಒಂದೇ ಇತ್ತು. ಕಾಲು ತಾನಾಗಿ ಅಲ್ಲಿಗೆ ನಡೆಯಿತು. “ಅದ ನೀರಿನ್ಯಾಗ ನನ್ನ ತಮ್ಮ ಹೋದ,” ಎಂದ. ನಗು ನಿಂತಿತು. ಈಗ ಅವರು ಅವನವರಾದರು.

ಹೇಳಿದ. ಕೋಡಿಯ ಬಾಯಿಗೆ ಒಂದು ಮರ ಬಂದು ಸಿಕ್ಕಿಕೊಂಡಿತ್ತು, ತೆಗೆಯದಿದ್ದರೆ ಏರಿ ಒಡೆದು ಹದಿನೆಂಟು ಹಳ್ಳಿ ಕೊಚ್ಚಿಹೋಗುತ್ತಿದ್ದವು. ಹೇಳುತ್ತಾ ಹೇಳುತ್ತಾ, ಬಾಯಿ ಒಂದು ಕಡೆಗೆ ಓಡುತ್ತಿರುವಾಗ, ಕಣ್ಣಿನ ಹಿಂದೆ ನಿಜವಾಗಿ ನಡೆದದ್ದು ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. ಮಳೆ ನಿಂತು ಹನಿ ಬೀಳುತ್ತಿತ್ತು. ಊರ ಹಿರಿಯರ ಮುಂದೆ, ಇಪ್ಪತ್ತು ಎಣಿಸೂದ್ರಾಗ ಮರ ತಗೀತೇನಿ, ಹಗ್ಗ ತರ್ರಿ ಎಂದಿದ್ದ. ಹಿರಿಯರೆಲ್ಲ ಏರಿಯ ಆ ತುದಿಗೆ ಮಣ್ಣಿನ ಚೀಲ ಹಾಕಿಸಲು ಹೋದರು. ಕೋಡಿಯ ಮೇಲೆ ನಿಂತು ಕೆಳಗೆ ನೋಡಿದಾಗ ನೀರು ಅವನ ಮನೆತನದ ಹೆಸರು ಕೇಳಲಿಲ್ಲ. ಮೊಣಕಾಲು ತಮ್ಮಷ್ಟಕ್ಕೇ ಕುಣಿದವು. “ಹಗ್ಗ ಹಿಡಿಯೂದ ಖರೇ ಕೆಲಸ ಯಲ್ಲ್ಯಾ, ಅದು ನೀರಗಂಟಿ ಕೈಯಾಗ ಇರಬೇಕು,” ಎಂದ. ಯಲ್ಲಪ್ಪ ಅಣ್ಣನ ಮೊಣಕಾಲು ನೋಡಿದ. ನೋಡಿಯೂ ನೋಡದವನಂತೆ ನಕ್ಕು, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, “ಹಿಡಕೋ ಅಣ್ಣಾ,” ಎಂದು ಇಳಿದುಬಿಟ್ಟ. ಮರ ಅಲುಗಿತು. ಅಲುಗಿದ ಮರ ಅವನನ್ನೂ ಕರೆದುಕೊಂಡು ಹೊರಟಿತು. ಹಗ್ಗ ಅಂಗೈಯಲ್ಲಿ ಬೆಂಕಿಯಂತೆ ಜಾರಿತು, ಚರ್ಮ ಸುಟ್ಟಿತು, ಮತ್ತು ಎರಡೂ ಕೈಗಳು ತೆರೆದುಕೊಂಡವು. ಅಷ್ಟೇ. ಅದಕ್ಕಿಂತ ದೊಡ್ಡದು ಏನೂ ಆಗಲಿಲ್ಲ. ಹಗ್ಗದ ತುದಿ ಒಂದು ಸಣ್ಣ ಬಾಲದಂತೆ ಅಲ್ಲಾಡಿ ನೀರಿನೊಳಗೆ ಹೋದದ್ದನ್ನು ನೋಡುತ್ತಾ ಅವನು ನಿಂತಿದ್ದ, ಜನ ಬರುವ ತನಕ ನಿಂತೇ ಇದ್ದ. ಜನ ಬರುವ ಸಪ್ಪಳ ಕೇಳಿದ ಮೇಲೆ ಕೆಳಗಿನ ಮಡುವಿನಲ್ಲಿ ಇಳಿದು ಮೈ ತೋಯಿಸಿಕೊಂಡಿದ್ದ.

“ಹಗ್ಗ ಹರೀತು,” ಎಂದು ಕಮಾನಿನ ಕೆಳಗೆ ಅವನ ಬಾಯಿ ಹೇಳುತ್ತಿತ್ತು. “ನಾ ಹಿಂದ ಹಾರಿದೆ. ಒಂದಲ್ಲ ಎರಡಲ್ಲ, ನಲವತ್ತು ಸಲ ಮುಳುಗೇನಿ.”

“ಹಗ್ಗ ಯಾತರದು?” ಎಂದ ಶೇಖಸಾಬ, ಹಗ್ಗದವನು ಹಗ್ಗದ ವಿಷಯ ಕೇಳುವಂತೆ. “ತೆಂಗಿನ ನಾರಿಂದೋ, ಪುಂಡಿ ನಾರಿಂದೋ? ಎಲ್ಲಿ ಹರೀತು, ಗಂಟಿನ ಹತ್ತಿರವೋ, ನಿಮ್ಮ ಕೈ ಹತ್ತಿರವೋ?”

ಎರಡು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಗೋಡೆಯ ಒಳಗಿನ ಊರಿನಿಂದ ಮಧ್ಯಾಹ್ನದ ಬಾಂಗ್ ಕೇಳಿಬಂತು. ಶೇಖಸಾಬ ಬಲೆ ಕೆಳಗಿಟ್ಟು ಎದ್ದು, ಬಾಗಿಲಿನಿಂದ ಹೊರಗೆ ನೋಡಿ, “ಬಂಡೆ ಮೇಲೆ ಕೂತವರು ಯಾರು?” ಎಂದ.

ನೆಟ್ಟ ಕೋಲು ಕಾಣಲಿಲ್ಲ. ನಡೆದುಹೋದ ಮರಳು ಕಾಣಲಿಲ್ಲ. ಗೋಡೆಯ ಬುಡದ ಮೆಟ್ಟಿಲನ್ನು ನೀರು ಬಂದು ಬಂದು ಮುಟ್ಟುತ್ತಿತ್ತು, ಮನೆಯ ದನ ಕೊಟ್ಟಿಗೆಗೆ ತಿರುಗಿ ಬಂದಷ್ಟು ಸಲೀಸಾಗಿ. ನೂರು ಹೆಜ್ಜೆ ಆಚೆ ಎಮ್ಮೆಯ ಬೆನ್ನು ಮುಳುಗಿತ್ತು. ಅದರ ಮೇಲೆ ಮುದಕವ್ವ ಸೊಂಟದ ತನಕ ನೀರಿನಲ್ಲಿ ಕೂತಿದ್ದಳು. ಕೂಗುತ್ತಿರಲಿಲ್ಲ. ಕೈ ಬೀಸುತ್ತಿರಲಿಲ್ಲ. ಇವರಿಗೆ ಬೆನ್ನು ಮಾಡಿ, ಮಗುವಿಗೆ ಎರೆಯಲು ಕೂತವಳಂತೆ ಕಾಲು ಚಾಚಿ ಕೂತಿದ್ದಳು. “ದೋಣಿ ಆಚೆ ಬಾಗಿಲಲ್ಲಿವೆ,” ಎಂದು ಶೇಖಸಾಬ ಬಲೆಯವರಿಬ್ಬರನ್ನೂ ಓಡಿಸಿದ. “ಬರುವ ಹೊತ್ತಿಗೆ ತಡವಾಗುತ್ತದೆ. ಇಲ್ಲಿ ಎದೆಮಟ್ಟ ಇದೆ ಈಗ, ಹಗ್ಗ ಕಟ್ಟಿಕೊಂಡು ಒಬ್ಬರು ಹೋಗಬೇಕು.” ದೋಣಿ ಎಳೆಯುವ ಹಗ್ಗ ಕಮಾನಿನ ಗೂಟಕ್ಕಿತ್ತು. ಅದನ್ನು ತಂದು ಕರಬಸಪ್ಪನ ಕೈಯಲ್ಲಿಟ್ಟ. ನಲವತ್ತು ಸಲ ಮುಳುಗಿದವನ ಕೈಯಲ್ಲಲ್ಲದೆ ಬೇರೆ ಯಾರ ಕೈಯಲ್ಲಿಡುತ್ತಾನೆ.

ಕರಬಸಪ್ಪ ಮೆಟ್ಟಿಲ ತನಕ ಹೋದ. ಮೊಣಕಾಲು ಕುಣಿಯತೊಡಗಿದವು. ಎರಡು ವರ್ಷದ ಹಿಂದೆ ಎಲ್ಲಿ ಬಿಟ್ಟಿದ್ದವೋ ಅಲ್ಲಿಂದಲೇ ಶುರು ಮಾಡಿದಂತೆ. ಹಿಂದಿನಿಂದ ಯಾರೋ ಹಗ್ಗ ಕಿತ್ತುಕೊಂಡರು. ಬಾಂಗ್ ಕೇಳಿ ಅತ್ತೆಯನ್ನು ಕರೆದೊಯ್ಯಲೆಂದು ಬಂದಿದ್ದ ತಿಪ್ಪವ್ವ. ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು. ಕಚ್ಚೆ ಹಾಕಿ, ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದುಕೊಂಡಳು. ಚಿಕ್ಕೇರೂರಿನ ಬಾವಿಯಲ್ಲಿ ಈಜು ಕಲಿತವಳು, ಅದನ್ನು ಒಂದು ದಿನವೂ ಯಾರಿಗೂ ಹೇಳಿಕೊಂಡವಳಲ್ಲ. ಇನ್ನೊಂದು ತುದಿಯನ್ನು ಗಂಡನ ಎರಡು ಅಂಗೈಗಳ ನಡುವೆ ಇಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಚಿದಳು.

“ಈ ಸಲ ಬಿಡಬ್ಯಾಡ್ರಿ,” ಎಂದಳು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಒಲೆಯ ಮೇಲೆ ಹಾಲಿಟ್ಟೇನಿ ನೋಡಕೋರಿ ಎಂದಷ್ಟೇ ಇತ್ತು. ಹದಿನೈದು ದಿನ ಆ ಅಂಗೈಗಳಿಗೆ ಬೆಣ್ಣೆ ಹಚ್ಚಿದವಳು ಅವಳು. ಹರಿದ ಹಗ್ಗ ಅಂಗೈಯಿಂದ ಬೆರಳ ತುದಿಯ ತನಕ ಸುಡುವುದಿಲ್ಲ. ಹರಿದಿದ್ದರೆ ಅರ್ಧ ಹಗ್ಗ ಮನೆಗೆ ಬರಬೇಕಿತ್ತು. ಎರಡು ವರ್ಷ, ಅವನು ಮೂರನ್ನು ಏಳು ಮಾಡುವಾಗ, ಏಳನ್ನು ಇಪ್ಪತ್ತೊಂದು ಮಾಡುವಾಗ, ಅವಳು ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಅವನು ಅವಳ ಮುಖ ನೋಡುವಷ್ಟರಲ್ಲಿ ಅವಳು ನೀರಿನಲ್ಲಿದ್ದಳು.

ಹೋಗುವಾಗ ಹಗ್ಗ ಸಡಿಲವಿತ್ತು. ಬಂಡೆ ಮುಟ್ಟಿ, ಮುದುಕಿಯನ್ನು ಕಂಕುಳಲ್ಲಿ ಹಿಡಿದು, ತಿಪ್ಪವ್ವ ಇತ್ತ ತಿರುಗಿದಾಗ ನೀರು ಅವರಿಬ್ಬರನ್ನೂ ಒಳಗೆ ಜಗ್ಗಿತು. ಹಗ್ಗ ಬಿಗಿಯಾಯಿತು. ಒಂದು ಸಲ ಅಂಗೈಯಲ್ಲಿ ಸರ್ರೆಂದು ಜಾರಿತು. ಹಳೆಯ ಗಾಯದ ಜಾಗಕ್ಕೆ ಸರಿಯಾಗಿ ಬೆಂಕಿ ಬಂತು. ಕರಬಸಪ್ಪ ತನ್ನ ಬೆರಳುಗಳನ್ನು ನೋಡಿದ. ಅವು ಅವನವಲ್ಲವೆಂಬಂತೆ, ತಮ್ಮಷ್ಟಕ್ಕೆ ತಾವು, ಮೆಲ್ಲಗೆ ತೆರೆಯುತ್ತಿದ್ದವು. ಕಿರುಬೆರಳು ಮೊದಲು. ಆಮೇಲೆ ಅದರ ಪಕ್ಕದ್ದು. ಬೇಡ ಎಂದು ಅವನು ಅಂದುಕೊಂಡನೋ ಇಲ್ಲವೋ, ಅಂದುಕೊಳ್ಳುವಷ್ಟು ಹೊತ್ತು ಸಿಕ್ಕಿತೋ ಇಲ್ಲವೋ, ಹಿಂದಿನಿಂದ ಎರಡು ಮುದಿ ಕೈಗಳು ಬಂದು ಅವನ ಕೈಯ ಮುಂದೆ ಹಗ್ಗವನ್ನು ಹಿಡಿದವು. “ಎಳೆ,” ಎಂದ ಶೇಖಸಾಬ ಅವನ ಕಿವಿಯಲ್ಲಿ. ಇಬ್ಬರೂ ಎಳೆದರು. ಮುದುಕಿ ಬದುಕಿ ದಂಡೆಗೆ ಬಂದಳು. ತಿಪ್ಪವ್ವ ಮೆಟ್ಟಿಲ ಮೇಲೆ ಕೂತು ಉಪ್ಪುನೀರು ಕಾರಿದಳು. ಆ ಎರಡು ಕೈಗಳು ಬಾರದಿದ್ದರೆ ತನ್ನ ಕೈ ಏನು ಮಾಡುತ್ತಿತ್ತೆಂಬುದು ಕರಬಸಪ್ಪನಿಗೆ ಇನ್ನು ಯಾವ ಜನ್ಮಕ್ಕೂ ತಿಳಿಯುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಹಾಜರಾಬಿ ಮುದುಕಿಗೆ ತನ್ನ ಸೀರೆ ಉಡಿಸಿ, ಕೆಂಡದ ಬಟ್ಟಲು ಪಕ್ಕದಲ್ಲಿಟ್ಟು, ಒಳಗೆ ಬರುವುದಿಲ್ಲ ಎಂದಿದ್ದನ್ನು ಮರೆತು ಮುದಕವ್ವನ ಕಾಲು ತಿಕ್ಕುತ್ತಾ ಕೂತಳು. ಮುದುಕಿಯ ಮುಖದಲ್ಲಿ ಎರಡು ವರ್ಷದಿಂದ ಯಾರೂ ಕಾಣದ ಒಂದು ಬೆಳಕಿತ್ತು. “ಬಂದಿದ್ದ,” ಎಂದಳು. “ಮೊದಲ ಬಂದು ಕಾಲು ಮುಟ್ಟಿದ. ಆಮ್ಯಾಲೆ ರೊಟ್ಟಿ ಒಯ್ದ. ಆಮ್ಯಾಲೆ ಉಡಿಯಾಗ ಬಂದು ಕುಂತ, ಸಣ್ಣವಿದ್ದಾಗ ಕುಂಡ್ರತಿದ್ದನಲ್ಲ ಹಂಗ. ಯಾಕ ಎಳದ್ರಿ ನನ್ನ? ಇನ್ನೊಂದೀಟು ಕುಂತಿದ್ರ ನನ್ನ ಕರಕೊಂಡು ಹೋಗತಿದ್ದ.” ಬಾಗಿಲಲ್ಲಿ ನಿಂತಿದ್ದ ಪೀರಸಾಬ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಗೋಡೆಯ ಮೂಲೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಕರಬಸಪ್ಪನಿಗೆ, ಆ ಬೆಳಕು ತನ್ನ ಗುಡ್ಡದ್ದು, ತಾನು ಹುಟ್ಟಿಸಿದ ಸುಳ್ಳು ಗುಡ್ಡದ ಬುಡದಿಂದ ಬಂದದ್ದು ಎಂದೆನಿಸಿತು.

“ಅವ್ವಾ,” ಎಂದ. “ಹಗ್ಗ ಹರದಿಲ್ಲ. ನಾ ಬಿಟ್ಟೆ. ಹಾರಲೂ ಇಲ್ಲ. ಒಂದು ಸಲಾನೂ ಮುಳುಗಿಲ್ಲ. ಯಲ್ಲ್ಯಾನ್ನ ನಾ ಕೊಂದೆ.”

ಒಲೆಯ ಮುಂದೆ ತಿಪ್ಪವ್ವನ ಕೈಯಲ್ಲಿದ್ದ ಸೌಟು ನಿಂತಿತು. ಮುದಕವ್ವ ಮಗನ ಕಡೆ ನೋಡಿದಳು, ಜ್ವರದ ಮಗುವನ್ನು ನೋಡುವಂತೆ. “ಸುಮ್ಮನಿರೋ,” ಎಂದಳು ಮೆತ್ತಗೆ. “ನೀ ಹುಟ್ಟಿದಾಗಿಂದ ಹಂಗ, ಎಲ್ಲಾದನ್ನೂ ದೊಡ್ಡದು ಮಾಡಿ ಹೇಳ್ತಿ. ಸುಖಾನೂ ದೊಡ್ಡದು, ಪಾಪಾನೂ ದೊಡ್ಡದು. ಮೂರು ಸಲ ಹಾರಿದ್ದಿ, ನನಗ ಗೊತ್ತಿಲ್ಲೇನು? ಇಪ್ಪತ್ತೊಂದು ಅಂದಿ, ಅದನ್ನೂ ಕೇಳೇನಿ. ನಾ ಮೂರು ಹಿಡದೇನಿ.” ಅವಳು ಕಣ್ಣು ಮುಚ್ಚಿದಳು. ಕರಬಸಪ್ಪ ಹೆಂಡತಿಯ ಕಡೆ ನೋಡಿದ. ತಿಪ್ಪವ್ವ ಸೌಟನ್ನು ಮತ್ತೆ ತಿರುವತೊಡಗಿದಳು. ಅವಳು ಹೇಳುವುದಿಲ್ಲ. ಅವಳು ಎಂದಿಗೂ ಹೇಳುವವಳಲ್ಲ. ಅವನ ಜೀವನದ ಒಂದೇ ಒಂದು ನಿಜ, ಅವನ ಉಳಿದ ಮಾತುಗಳ ರಾಶಿಯ ಮೇಲೆ ಬಿದ್ದು, ಅದೇ ಬಣ್ಣವಾಗಿ, ಕಾಣದಾಯಿತು.

ಮರುದಿನ ಬಸ್ಸಿನಲ್ಲಿ ಕಥೆಯನ್ನು ಪೀರಸಾಬ ಹೇಳಿದ. ಘಟ್ಟ ಹತ್ತುವಾಗ ನೀರು ಕುತ್ತಿಗೆ ಮಟ್ಟ ಇತ್ತು, ಶಿರಸಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎರಡು ಆಳು, ಶಿರಸಿ ಬಿಟ್ಟ ಮೇಲೆ ತೆಂಗಿನ ಮರ. ಕರಬಸಪ್ಪಣ್ಣ ಒಂದು ಕೈಯಲ್ಲಿ ಹೆಂಡತಿಯನ್ನು, ಇನ್ನೊಂದು ಕೈಯಲ್ಲಿ ತಾಯಿಯನ್ನು ಎಳೆದಿದ್ದ. ಮುಂದಿನ ಸೀಟಿನವರು ತಿರುಗಿ ತಿರುಗಿ ಅವನ ಬಟ್ಟೆ ಸುತ್ತಿದ ಕೈ ನೋಡಿದರು. “ಖರೇ ಏನ್ರೀ?” ಎಂದು ಒಬ್ಬ ಕೇಳಿದ. ಕರಬಸಪ್ಪ ಕಿಟಕಿಯ ಹೊರಗೆ ನೋಡಿದ. ಮೊಣಕಾಲುಗಳ ನಡುವೆ ಹಿಡಿದುಕೊಳ್ಳಲು ಕೋಲೂ ಇರಲಿಲ್ಲ.

ಹಾನಗಲ್ಲು ಇನ್ನೂ ದೂರವಿರುವಾಗ ಇಂಜಿನ್ನು ಕಾದು, ಡ್ರೈವರು ಧರ್ಮಾ ಹೊಳೆಯ ಪಕ್ಕಕ್ಕೆ ನಿಲ್ಲಿಸಿ ನೀರಿಗೆ ಕೊಡ ಕಳಿಸಿದ. ಮುದಕವ್ವ ಮುಖ ತೊಳೆಯುತ್ತೇನೆಂದು ಇಳಿದಳು. ಕರಬಸಪ್ಪ ಹಿಂದೆ ಹೋದ. ಮಾಘದ ಹೊಳೆ ತೆಳ್ಳಗೆ, ಕಲ್ಲುಗಳ ನಡುವೆ, ಅವಸರವಿಲ್ಲದೆ ಹರಿಯುತ್ತಿತ್ತು. ಮುದುಕಿ ದಂಡೆಯಲ್ಲಿ ಕೂತು ಮುಖ ತೊಳೆದು, ಉಡಿಯಲ್ಲಿದ್ದ ಸವಣೂರಿನ ಎಲೆಯೊಂದನ್ನು ತೆಗೆದು, ಅದರ ಮೇಲೆ ಅಡಿಕೆಯ ಚೂರಿಟ್ಟು, ನೀರಿಗೆ ಬಿಟ್ಟಳು. “ಒಯ್ದು ಅವಗ ಮುಟ್ಟಿಸು. ಉಂಡ ಮ್ಯಾಲೆ ಎಲಿ ಕೊಡಾಕ ನಿನ್ನೆ ಮರತೆ,” ಎಂದು ಹೊಳೆಗೆ ಹೇಳಿದಳು. ಎಲೆ ಒಂದು ಸುತ್ತು ತಿರುಗಿತು. ಆಮೇಲೆ ಹೊರಟಿತು. ಬಸ್ಸಿನ ಮೂತಿ ಯಾವ ಕಡೆಗಿತ್ತೋ ಆ ಕಡೆಗೆ, ಹಾನಗಲ್ಲಿನ ಕಡೆಗೆ, ಬೆಳಗಿನಿಂದ ಇವರು ಬೆನ್ನು ಮಾಡಿ ಬಂದಿದ್ದ ಸಮುದ್ರವನ್ನು ಇನ್ನಷ್ಟು ಹಿಂದೆ ಬಿಟ್ಟು.

ಮುದಕವ್ವ ಎಲೆ ಕಲ್ಲಿನ ಮರೆಯಾಗುವ ತನಕ ನೋಡಿದಳು. ಬಂದ ದಾರಿಯ ಕಡೆ ತಿರುಗಿ ನೋಡಿದಳು. ಮತ್ತೆ ನೀರನ್ನು ನೋಡಿದಳು.

“ಇದೂ ಮುಂದ ತಿರುಗತೈತೇನೋ?”

ಒಂದು ಗುಡ್ಡ ಬೇಕಾಗಿತ್ತು. ಸಣ್ಣದಾದರೂ ಸಾಕಿತ್ತು. ಕರಬಸಪ್ಪ ಹುಡುಕಿದ, ಅವನ ಬಾಯಿಗೆ ಬರಲಿಲ್ಲ.

“ಇಲ್ಲವ್ವ.”

“ನಮ್ಮ ಹೊಳಿ?”

“ಅದೂ ಇಲ್ಲ.”

ಕೊಡದವನು ನೀರು ತುಂಬಿಕೊಂಡು ಹೋದ. ಡ್ರೈವರು ಹಾರ್ನ್ ಒತ್ತಿದ. ಮುದಕವ್ವ ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಮುಖದಲ್ಲಿ ನಿನ್ನೆಯಿಂದ ಇದ್ದ ಬೆಳಕು ಆರಲಿಲ್ಲ, ಹೊಳೆಯ ನೀರು ಇಳಿದಂತೆ ಸುಮ್ಮನೆ ಸರಿದುಹೋಯಿತು, ಅದು ಹೋಗುವುದನ್ನು ಅವನು ಒಂದೊಂದೇ ಗೀರು ನೋಡಿದ.

“ಹಂಗಾದ್ರ ಹಗ್ಗ?” ಎಂದಳು.

ಅವನು ಅವಳನ್ನು ಎಬ್ಬಿಸಲು ಕೈ ಚಾಚಿದ. ಸುತ್ತಿದ ಬಟ್ಟೆ ಸಡಿಲಾಗಿ ಅಂಗೈ ಕಾಣುತ್ತಿತ್ತು, ಹಳೆಯ ಸುಟ್ಟ ಗುರುತಿನ ಮೇಲೆ ಹೊಸದು, ಬುಡದಿಂದ ಬೆರಳ ತುದಿಯ ತನಕ. ಮುದಕವ್ವ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕೈಯನ್ನು ನೆಲಕ್ಕೆ ಊರಿ, ಒಂದು ಮೊಣಕಾಲು, ಇನ್ನೊಂದು ಮೊಣಕಾಲು, ತಾನೇ ಎದ್ದು, ಬಸ್ಸಿನ ಬಾಗಿಲಲ್ಲಿ ನಿಂತಿದ್ದ ತಿಪ್ಪವ್ವನ ಕಡೆ ನಡೆದಳು.